ಹುಳುಗಳು ತಿನ್ನುವುದನ್ನು ನಿಲ್ಲಿಸಿದ ಮಧ್ಯಾಹ್ನ

ಇಂಥ ಕತೆಗಳನ್ನು ಯಾರಾದರೂ ಶುರು ಮಾಡಿದರೆ ಮೊದಲು ಎದ್ದುಹೋಗುವವಳು ನಾನೇ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಅವ್ವ ಕಬ್ಬಾಳಮ್ಮನಿಗೆ ಹರಕೆ ಹೊತ್ತಾಗಲೆಲ್ಲ ಸುಮ್ಮನಿರವ್ವ ಎಂದು ಬಾಯಿ ಮುಚ್ಚಿಸಿದವಳು. ಹಾಗಾಗಿ ಇದನ್ನು ಬರೆಯಲು ನನಗೇ ಮುಜುಗರ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಅಕ್ಕೂರಿನಲ್ಲಿ ನಮ್ಮದು ರೇಷ್ಮೆಹುಳು ಸಾಕುವ ಮನೆ. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಮುಗಿಸಿ ಎದ್ದ ಹುಳುಗಳ ಹಸಿವು ಸಾಕಿದವರಿಗೇ ಗೊತ್ತು. ಸಾವಿರಾರು ಬಾಯಿಗಳು ಸೊಪ್ಪು ತಿನ್ನುವ ಸದ್ದು ಹಗಲು ರಾತ್ರಿ ಕೇಳುತ್ತಲೇ ಇರುತ್ತದೆ. ಸದ್ದು ಇಳಿಯಿತೆಂದರೆ ಸೊಪ್ಪು ಮುಗಿಯಿತೆಂದು ಅರ್ಥ. ನನ್ನ ತಮ್ಮ ಕುಮಾರ ಚಿಕ್ಕವನಿದ್ದಾಗ ಹುಳುಮನೆಯಲ್ಲೇ ಮಲಗುತ್ತಿದ್ದ. ಸದ್ದು ಕಡಿಮೆಯಾದರೆ ಅರೆನಿದ್ದೆಯಲ್ಲೇ ಎದ್ದು ಸೊಪ್ಪು ಹಾಕಿ ಮತ್ತೆ ಮಲಗುವುದು ಅವನಿಗೆ ರೂಢಿಯಾಗಿತ್ತು.

ದೊಡ್ಡವನಾಗಿ ವೆಲ್ಡರ್ ಆದ. ಸೇತುವೆ ಕೆಲಸ ಅಂತ ಕಂಟ್ರಾಕ್ಟರನ ಹಿಂದೆ ಜಮ್ಮು ಕಡೆಯ ಒಂದು ಗಡಿ ಪಟ್ಟಣಕ್ಕೆ ಹೋದ. ರೂಮು ನದಿ ದಂಡೆಯಲ್ಲೇ ಇತ್ತು. ನದಿ ಸದ್ದು ನಮ್ಮ ಹುಳುಮನೆ ಥರಾನೇ ಐತೆ, ಒಳ್ಳೆ ನಿದ್ದೆ ಬತ್ತದೆ ಎಂದು ಫೋನಿನಲ್ಲಿ ಹೇಳುತ್ತಿದ್ದ. ರೂಮಿನಲ್ಲಿ ಜೊತೆಗೆ ಬಿಹಾರದ ಮನೋಜ ಎಂಬ ಹುಡುಗ. ಅವನು ಫೋನು ಕಿತ್ತುಕೊಂಡು, ಕುಮಾರ ಕಲಿಸಿದ ಎರಡೇ ಮಾತಿನ ಕನ್ನಡದಲ್ಲಿ, ಊಟ ಆಯ್ತಾ ಅವ್ವ ಎಂದು ಕೇಳುತ್ತಿದ್ದ. ಅವ್ವ ದಿನವೂ ಅವನಿಗೆ ಏನು ಸಾರು ಮಾಡಿದೆ ಎಂದು ವರದಿ ಒಪ್ಪಿಸುವಳು. ಅವನಿಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ.

ಆ ಬೇಸಿಗೆ ಗಡಿಯಲ್ಲಿ ಶೆಲ್ ಬೀಳಲು ಶುರುವಾಯಿತು. ಪಟ್ಟಣದ ಅಂಗಡಿಗಳು ಬಾಗಿಲು ಹಾಕಿದವಂತೆ, ಕತ್ತಲಾದರೆ ದೀಪ ಹಚ್ಚುವಂತಿಲ್ಲವಂತೆ, ಅರ್ಧ ಊರೇ ಖಾಲಿಯಂತೆ. ಬಸ್ಸು ಸಿಗದೆ ಇವರಿಬ್ಬರೂ ಅಲ್ಲೇ ಸಿಕ್ಕಿಕೊಂಡರು. ಇಲ್ಲಿ ನಮ್ಮೂರ ಟೀ ಅಂಗಡಿಯಲ್ಲಿ ಕೂತವರು ಗಡಿ ಆಚೆಯೋರ ನೀರು ನಿಲ್ಲಿಸ್ಬೇಕು, ಬುಡಬಾರ್ದು ಎಂದು ಜೋರು ಮಾಡುತ್ತಿದ್ದರು. ಕೇಳಿ ನನಗೆ ಮೈ ಉರಿಯುತ್ತಿತ್ತು. ಆಮೇಲೆ ಎರಡು ದಿನ ಕುಮಾರನ ಫೋನು ಸಿಗಲಿಲ್ಲ. ನಾನು ಶಾಲೆಗೆ ರಜೆ ಹಾಕಿದೆ. ಕೂತರೆ ಕೂರಲಾರೆ, ನಿಂತರೆ ನಿಲ್ಲಲಾರೆ. ಆದರೆ ಹುಳುಗಳಿಗೆ ನಮ್ಮ ಕಷ್ಟ ಗೊತ್ತೇ? ಹೊತ್ತು ಹೊತ್ತಿಗೆ ಸೊಪ್ಪು ಹಾಕಲೇಬೇಕಿತ್ತು.

ಮೂರನೇ ದಿನ ಮಧ್ಯಾಹ್ನ ಸೊಪ್ಪು ಹಾಕಿ ಇನ್ನೂ ಕೈ ಒರೆಸಿಕೊಂಡಿರಲಿಲ್ಲ. ಸದ್ದು ನಿಂತುಹೋಯಿತು. ಕಡಿಮೆಯಾಗಲಿಲ್ಲ, ಒಂದೇ ಸಲಕ್ಕೆ ನಿಂತಿತು. ಬಗ್ಗಿ ನೋಡಿದರೆ ಹಸಿ ಸೊಪ್ಪಿನ ಮೇಲೆ ಅಷ್ಟೂ ಹುಳುಗಳು ತಲೆ ಎತ್ತಿಕೊಂಡು ಅಲ್ಲಾಡದೆ ನಿಂತಿದ್ದವು. ಜ್ವರಕ್ಕೆ ಕೂತಾಗ ಹಾಗೆ ಇರುವುದುಂಟು, ಆದರೆ ಅದೆಲ್ಲ ಮುಗಿದು ದಿನಗಳಾಗಿದ್ದವು. ನನಗೆ ಭಯವಾಯಿತು, ಸುಳ್ಳು ಹೇಳುವುದಿಲ್ಲ.

ಬಾಗಿಲಲ್ಲಿ ಅವ್ವ ಸೊಪ್ಪಿನ ಹೊರೆ ಹಿಡಿದು ನಿಂತಿದ್ದಳು. ಹೊರೆ ಕೆಳಗಿಟ್ಟು, ಇಪ್ಪತ್ತು ವರ್ಷದ ಹಿಂದಿನ ದನಿಯಲ್ಲಿ ಕರೆದಳು.

"ಕುಮಾರ, ಏಳ್ಲಾ ಮಗ. ಸದ್ದು ನಿಂತೋಯ್ತು, ಒಸಿ ಸೊಪ್ಪಾಕು."

ತಲೆ ಕೆಟ್ಟಿದೆಯಾ ನಿನಗೆ ಎಂದು ನಾನು ಗದರಿದೆ. ಅವಳು ಇನ್ನೊಂದು ಸಲ, ಇನ್ನೂ ಜೋರಾಗಿ ಕರೆದಳು. ನಾಲ್ಕೈದು ನಿಮಿಷ ಕಳೆದಿರಬೇಕು. ಮೂಲೆಯಲ್ಲೆಲ್ಲೋ ಒಂದೆರಡು ಹುಳು ಶುರು ಮಾಡಿದವು, ಹಿಂದೆಯೇ ಎಲ್ಲವೂ ತಿನ್ನತೊಡಗಿದವು. ಯಾಕೆ ಕರೆದೆ ಎಂದು ಕೇಳಿದರೆ ಅವ್ವ ಗೊತ್ತಿಲ್ಲ ಎಂದಳು.

ಮಾರನೇ ದಿನ ಸಂಜೆ ಯಾರದೋ ಫೋನಿನಿಂದ ಕುಮಾರ ಮಾತಾಡಿದ. ಹಿಂದಿನ ದಿನ ಮೇಲಿನ ಅಣೆಕಟ್ಟಿನ ಬಾಗಿಲು ಹಾಕಿದ್ದರಂತೆ, ನದಿ ಇಳಿಯುತ್ತಾ ಹೋಗಿದೆ. ರಾತ್ರಿಯೆಲ್ಲ ಎದ್ದಿದ್ದ ಇವರಿಬ್ಬರೂ ಮಧ್ಯಾಹ್ನ ಮಲಗಿದ್ದಾರೆ. ನಿದ್ದೆಯಲ್ಲಿ ಸದ್ದು ನಿಂತ ಹಾಗಾಗಿ, ಸೊಪ್ಪು ಮುಗಿಯಿತು ಎಂದುಕೊಂಡು ಇವನು ಎದ್ದು ನಡೆದಿದ್ದಾನೆ. ಎಚ್ಚರವಾದಾಗ ದಂಡೆಯ ಮೇಲೆ ನಿಂತಿದ್ದ. ಎದುರಿಗೆ ನೀರಿಲ್ಲ, ಬರೀ ಒದ್ದೆ ಕಲ್ಲುಗಳು. ಇದೇನಿದು ಎಂದು ನೋಡುತ್ತಿರುವಾಗಲೇ ಹಿಂದೆ ರೂಮಿನ ಮೇಲೆ ಶೆಲ್ ಬಿತ್ತು. ಮನೋಜ ಒಳಗಿದ್ದ.

"ಎಬ್ಬಿಸ್ನಿಲ್ಲ ಕಣಕ್ಕ. ನಾನೊಬ್ನೇ ಎದ್ದು ಬಂದ್ಬುಟ್ಟೆ."

ಎಷ್ಟು ಹೊತ್ತಿನಲ್ಲಿ ಎಂದು ಕೇಳಿದೆ. ಅವನು ಹೇಳಿದ ಹೊತ್ತು ನಮ್ಮ ಹುಳುಮನೆಯ ಹೊತ್ತೇ. ಯಾರಾದರೂ ಕರೆದ ಹಾಗೆ ಕೇಳಿಸಿತಾ ಎಂದೆ. ಇಲ್ಲ, ಸದ್ದು ನಿಂತದ್ದಷ್ಟೇ ಗೊತ್ತು ಎಂದ.

ನಾನು ಕಾರಣ ಹುಡುಕದೆ ಬಿಟ್ಟವಳಲ್ಲ. ಪಕ್ಕದ ತೋಟದಲ್ಲಿ ಔಷಧಿ ಹೊಡೆದರೇ ಎಂದು ವಿಚಾರಿಸಿದೆ. ಹೊಡೆದಿದ್ದರೆ ಹುಳುಗಳು ಉಳಿಯುತ್ತಿರಲಿಲ್ಲ, ಆ ಸಲ ಗೂಡು ಚೆನ್ನಾಗಿಯೇ ಬಂತು. ಕಾಕತಾಳೀಯ ಎಂದುಕೊಂಡೆ. ಆ ಪದ ಬಾಯಿಗೆ ಬರುತ್ತದೆ, ಒಳಗೆ ಇಳಿಯುವುದಿಲ್ಲ.

ಕುಮಾರ ಊರಿಗೆ ಬಂದ ಮೇಲೆ ಒಂದು ದಿನ, ಅವ್ವನಿಗೆ ಸಮಾಧಾನವಾಗಲಿ ಎಂದು, ನಿನ್ನ ಕೂಗು ಅಲ್ಲಿಗೆ ಮುಟ್ಟಿತು ಕಣವ್ವ ಎಂದೆ. ನಾನು ಅಂಥ ಮಾತಾಡಿದ್ದು ಅದೇ ಮೊದಲು. ಅವಳ ಮುಖ ಅರಳಲಿಲ್ಲ.

"ಆ ಹುಡುಗನ ಅವ್ವನೂ ಕರ್ದಿರ್ತಾಳೆ ಕಣೆ," ಎಂದಳು. "ಅವನ್ಗೆ ಯಾಕ್ ಕೇಳಿಸ್ನಿಲ್ಲ?"

ನನ್ನ ಮುಖವನ್ನೇ ನೋಡುತ್ತಾ ಕೂತಳು. ನಾನು ಎದ್ದು ಸೊಪ್ಪು ತರಲು ಹೋದೆ.