ಮೆಣಸಿನ ಬಳ್ಳಿಗೆ ನೀರು ಬಿಡದ ಬೇಸಿಗೆ

ಆ ವರ್ಷ ಶಿವರಾತ್ರಿಯ ಉಪವಾಸ ನಮಗೆ ಒಂದೇ ದಿನಕ್ಕೆ ಮುಗಿಯಿತು, ಕಾಳುಮೆಣಸಿನ ಬಳ್ಳಿಗಳಿಗೆ ಅಂದಿನಿಂದ ಶುರುವಾಯಿತು. ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ಅಕ್ಕ ಅವಕ್ಕೆ ನೀರು ನಿಲ್ಲಿಸಿಬಿಟ್ಟಳು. ಬೋರ್‌ವೆಲ್ಲಿನಲ್ಲಿ ನೀರಿತ್ತು. ಬೇಕೆಂದೇ ನಿಲ್ಲಿಸಿದಳು. ಇವಳಿಗೆ ತಲೆ ಕೆಟ್ಟಿದೆ ಅಂತ ನಾವೆಲ್ಲ ತೀರ್ಮಾನ ಮಾಡಿದೆವು.

ಬಳ್ಳಿಗಳು ಹಬ್ಬಿದ್ದು ತೆಂಗಿನ ಮರಗಳಿಗೆ. ತೆಂಗಿಗಂತೂ ನೀರು ಬೇಕೇ ಬೇಕು. ಅದಕ್ಕೆ ಅಕ್ಕ ಮರಮರಕ್ಕೂ ಹೋಗಿ, ಬಳ್ಳಿಯ ಬುಡದಲ್ಲಿದ್ದ ಡ್ರಿಪ್ ಪೈಪನ್ನು ಎಳೆದು ಮರದ ಆಚೆ ಬದಿಗೆ ಹಾಕಿದಳು. ಮರ ಕುಡಿಯಲಿ, ಬಳ್ಳಿ ನೋಡುತ್ತಿರಲಿ ಎಂಬ ಹಾಗೆ.

ಕರೆಂಟು ಬಂದಾಗ ಮೋಟಾರು ಹಾಕುವುದಷ್ಟೇ ನನ್ನ ಕೆಲಸ, ಉಳಿದ ತೋಟವೆಲ್ಲ ಅವಳದು. ತಾಳಮಲೆಗೆ ಮದುವೆಯಾಗಿ ಹೋದವಳು ಅಲ್ಲಿ ಬಾಳುವೆ ಸರಿಹೋಗದೆ ಮನೆಗೆ ಬಂದ ಮೇಲೆ ಮನಸ್ಸಿಟ್ಟು ಕೈಹಾಕಿದ್ದು ಇದೊಂದಕ್ಕೆ. ಬಳ್ಳಿಗಳು ಮಾತ್ರ ಅವಳಿಗೆ ಒಲಿದಿರಲಿಲ್ಲ. ವರ್ಷವಿಡೀ ಅಲ್ಲೊಂದು ಇಲ್ಲೊಂದು ತೆನೆ ಬಿಟ್ಟು ಆಟ ಆಡಿಸುತ್ತಿದ್ದವು. ತೆಂಗಿನ ನಡುವೆ ಅರಿಶಿನ ಹಾಕಬೇಕೆಂದು ಗೆಟ್ಟವಾಡಿಯವರೊಬ್ಬರು ಅಪ್ಪನ ಬೆನ್ನು ಬಿದ್ದಿದ್ದರು. ಈ ಮಳೆಗಾಲವೂ ಹೀಗೇ ಆದರೆ ಬಳ್ಳಿ ಕಿತ್ತು ತೋಟವನ್ನು ಅವರಿಗೆ ಗುತ್ತಿಗೆಗೆ ಕೊಡುವುದೆಂದು ಅಪ್ಪ ಅಕ್ಕನಿಗೆ ಹೇಳಿಯಾಗಿತ್ತು.

ಅಕ್ಕನಿಗೆ ಈ ಬುದ್ಧಿ ಹೇಳಿಕೊಟ್ಟದ್ದು ಆನೆ. ಹಿಂದಿನ ಬೇಸಿಗೆಯಲ್ಲಿ ಅದು ಕಾಡಂಚಿನ ಸಾಲಿನ ಪೈಪನ್ನು ತುಳಿದು ಹಾಕಿತ್ತು. ಇವತ್ತು ಸರಿಮಾಡುತ್ತೇನೆ, ನಾಳೆ ಸರಿಮಾಡುತ್ತೇನೆ ಎನ್ನುತ್ತಲೇ ನಾನು ಬೇಸಿಗೆ ಕಳೆದೆ. ಮಳೆ ಬಿದ್ದ ಮೇಲೆ ನೋಡಿದರೆ, ಇಡೀ ತೋಟದಲ್ಲಿ ಆ ಒಂದು ಸಾಲು ಮಾತ್ರ ಒಟ್ಟಿಗೆ ತೆನೆ ಬಿಟ್ಟಿತ್ತು. ಅಲ್ಲಿಯ ಮಣ್ಣು ಒಳ್ಳೆಯದಿರಬೇಕು ಅಂದುಕೊಂಡು ನಾವು ಸುಮ್ಮನಾದೆವು. ಅವಳು ಸುಮ್ಮನಾಗಲಿಲ್ಲ.

ಬಿಸಿಲು ಬಲಿತಂತೆ ಎಲೆಗಳು ಮಧ್ಯಾಹ್ನಕ್ಕೆ ಜೋತುಬೀಳತೊಡಗಿದವು. ಅಪ್ಪನಿಗೆ ಸಂಕಟ.

“ಬಾಯಿಲ್ಲದ್ದು ಕಣ ಕೂಸೇ. ಕೇಳಾಕಿಲ್ಲ ಅಂತ ನೀರ್ ಕೊಡ್ದೆ ಸಾಯ್ಸೀಯಾ?”

“ಒತ್ತಾರೆ ಎದ್ದು ನೋಡಪ್ಪ. ಒತ್ತಾರೆ ಎಲೆ ಎದ್ದು ನಿಂತಿದ್ರೆ ಅದ್ಕೇನೂ ಆಗಿಲ್ಲ.”

ಬೆಳಕು ಹರಿಯುತ್ತಲೇ ಅವಳು ತೋಟದಲ್ಲಿ. ಒಂದೊಂದು ಬಳ್ಳಿಯ ಎಲೆಯನ್ನೂ ಬೆರಳಲ್ಲಿ ಎತ್ತಿ ನೋಡುವಳು, ಬುಡಕ್ಕೆ ಬಿಸಿಲು ತಾಕದಂತೆ ಒಣಗಿದ ಗರಿ ಹೊದಿಸುವಳು. ಅವಳಿಗೂ ಹೆದರಿಕೆ ಇಲ್ಲದಿರಲಿಲ್ಲ, ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯುತ್ತಿತ್ತು. ಆದರೂ ಪೈಪು ಮುಟ್ಟಲಿಲ್ಲ. ಅಷ್ಟು ಗಟ್ಟಿ ಜೀವವನ್ನು ನಾನು ನಮ್ಮ ಮನೆಯಲ್ಲಿ ಇನ್ನೊಂದು ಕಂಡಿಲ್ಲ.

ಅಪ್ಪನಿಗೆ ತಡೆಯಲಾಗಲಿಲ್ಲ. ಒಂದು ಸಂಜೆ ಅವನು ಬಿಂದಿಗೆ ಹಿಡಿದು ಮೋಟಾರು ಮನೆಯ ಪಕ್ಕದ ಬಳ್ಳಿಗೆ ನೀರು ಹೊಯ್ಯುವುದನ್ನು ಕಂಡೆ. ಓಡಿಹೋಗಿ ಅಕ್ಕನಿಗೆ ಚಾಡಿ ಹೇಳಿದೆ.

“ಗೊತ್ತು ಕಣ್ಲಾ,” ಅಂದಳು. “ದಿನಾ ಉಯ್ತಾವ್ನೆ. ಬ್ಯಾಡ ಅಂದ್ರೆ ಅಟಕ್ಕೆ ಬಿದ್ದು ಇನ್ನ ನಾಕ್ ಬಳ್ಳಿಗೆ ಉಯ್ತನೆ. ಬುಡು.”

ಕೊನೆಗೂ ಹಾಸನೂರಿನ ಕಡೆಯಿಂದ ಮೋಡ ಎದ್ದು ಒಳ್ಳೆಯ ಮಳೆ ಬಿತ್ತು. ಮರುದಿನ ಅಕ್ಕ ಕೊಟ್ಟಿಗೆ ಗೊಬ್ಬರಕ್ಕೆ ಬೇವಿನ ಹಿಂಡಿ ಬೆರೆಸಿ ಬಳ್ಳಿಗಳಿಗೆ ಹಾಕಿದಳು. ನಾನು ಗುದ್ದಲಿ ತಂದರೆ ಬೈದು ಕಳಿಸಿದಳು. ಮೆಣಸಿನ ಬೇರು ಮೇಲುಮಣ್ಣಿನಲ್ಲೇ ಓಡಾಡುತ್ತದೆ, ಏಟು ಬಿದ್ದರೆ ಕೊಳೆಯುತ್ತದೆ. ಹಸುಗೂಸಿಗೆ ಉಣಿಸುವಂತೆ ಕೈಯಲ್ಲೇ ಮಣ್ಣು ಕೆದಕಿ, ಗೊಬ್ಬರ ಹರಡಿ, ಮತ್ತೆ ಮುಚ್ಚಿದಳು.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಅಕ್ಕ ತಿಂಡಿಗೆ ಬರಲಿಲ್ಲ. ಹುಡುಕಿಕೊಂಡು ಹೋದರೆ ತೋಟದ ನಡುವೆ ನೆಲದ ಮೇಲೆ ಕೂತು ಅಳುತ್ತಿದ್ದಳು. ತಲೆಯೆತ್ತಿ ನೋಡಿದೆ. ಸಾಲಿಗೆ ಸಾಲೇ, ಬುಡದಿಂದ ಕೈಗೆಟುಕದ ಎತ್ತರದವರೆಗೆ, ಎಳೆ ತೆನೆಗಳು ಇಳಿಬಿದ್ದಿದ್ದವು. ಇಂಥವಳ ತಮ್ಮ ನಾನು ಎಂದು ಹೆಮ್ಮೆಯಾಯಿತು.

ಮೋಟಾರು ಮನೆಯ ಪಕ್ಕದ ಬಳ್ಳಿಯಲ್ಲಿ ಮಾತ್ರ ಬರೀ ಎಲೆ. ಒಳ್ಳೆ ಮೈಕೈ ತುಂಬಿಕೊಂಡು ಹಸಿರಾಗಿತ್ತು, ತೆನೆ ಒಂದೂ ಇಲ್ಲ. ಅಪ್ಪ ಅದರ ಮುಂದೆ ಬಹಳ ಹೊತ್ತು ನಿಂತಿದ್ದ. ಗೆಟ್ಟವಾಡಿಯವರು ಆ ವಾರವೇ ಬಂದರು. ಅಪ್ಪ ಅವರನ್ನು ಕೂರಿಸಿ, ಕಾಪಿ ಕೊಟ್ಟು, “ತೋಟ ನನ್ ಕೂಸಿಂದು ಸಾಮಿ, ಕೊಡಾಕಿಲ್ಲ” ಎಂದು ಕಳಿಸಿದ.

ಅಂದು ಊಟಕ್ಕೆ ಕೂತಾಗ ಮುದ್ದೆ ಮುರಿಯುತ್ತ, ತಲೆಯೆತ್ತದೆ ಹೇಳಿದ: “ಮುಂದಿನ್ ಬ್ಯಾಸ್ಗೇಲಿ ನಂಗೂ ನೀರ್ ಕೊಡ್ಬ್ಯಾಡ ಕಣವ್ವ. ನಾನೂವಿ ತೆನೆ ಬುಡ್ತೀನೋ ಏನೋ.”

ನಾನು ನಕ್ಕುಬಿಟ್ಟೆ. ಅಕ್ಕ ನಗಲಿಲ್ಲ. ಅವನ ತಟ್ಟೆಗೆ ಸಾರು ಬಡಿಸುತ್ತ ಅಂದಳು: “ಆ ಬಳ್ಳಿ ನಿಂಗೇ ಇರ್ಲಿ ಬುಡಪ್ಪ. ಅದ್ಕ ನಾನ್ ಪೈಪ್ ಆಕಾಕಿಲ್ಲ, ದಿನಾ ನೀನೇ ಉಯ್ಯಿ.”