ಗ್ಲೆಂಡೇಲಿನಲ್ಲಿ ತೆಗೆದ ಫ್ಲಾರೆನ್ಸಿನ ಫೋಟೋ

ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹೋಗಿ, ಐದು ದಿನ ಇದ್ದು, ಅಲ್ಲಿನ ಜಗತ್ಪ್ರಸಿದ್ಧ ಬೆತ್ತಲೆ ಯುವಕನ ಅಮೃತಶಿಲೆಯ ಪ್ರತಿಮೆಯನ್ನು ನೋಡದೆ ವಾಪಸು ಬಂದ ಮಹಾನುಭಾವ ನಾನು. ತಿರುಪತಿಗೆ ಹೋಗಿ, ಲಾಡು ತಿಂದು, ದೇವರನ್ನು ನೋಡದೆ ಬಂದವರು ಯಾರಾದರೂ ಇದ್ದರೆ ತಿಳಿಸಿ. ನಾವಿಬ್ಬರೂ ಸೇರಿ ಒಂದು ಸಂಘ ಕಟ್ಟಿಕೊಳ್ಳುತ್ತೇವೆ.

ಹಾಗೆಂದು ತಯಾರಿಯಿಲ್ಲದೆ ಹೋದವನಲ್ಲ ನಾನು. ಎರಡು ತಿಂಗಳ ಮುಂಚೆಯೇ, ಕ್ಯಾಲಿಫೋರ್ನಿಯಾದಲ್ಲಿ ನಾವಿರುವ ಗ್ಲೆಂಡೇಲಿನ ಲೈಬ್ರರಿಯಿಂದ ದಪ್ಪ ದಪ್ಪ ಪುಸ್ತಕ ಹೊತ್ತು ತಂದು, ಊಟದ ಹೊತ್ತಿಗೆಲ್ಲ ವಿಜಯಾಳಿಗೆ ಓದಿ ಹೇಳುತ್ತಿದ್ದೆ. ವಿಜಯಾ ನನ್ನ ಹೆಂಡತಿ, ಹುಬ್ಬಳ್ಳಿಯವಳು. ಅವಳಿಗೆ ಬೇಕಾಗಿದ್ದದ್ದು ಒಂದೇ, ಆ ಪ್ರತಿಮೆ. ಅವಳ ಹುಡುಗಿಯರ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರು ಅದರ ಬಲಗೈಯನ್ನು ಮಾತ್ರ ಬರೆಸಿದ್ದರಂತೆ. ಉಳಿದದ್ದನ್ನು ಬರೆಸುವ ಧೈರ್ಯ ಪಾಪ ಅವರಿಗೆ ಇರಲಿಲ್ಲ. ಕೈ ನೋಡಿಯಾಗಿದೆ, ಉಳಿದವನನ್ನೂ ಒಮ್ಮೆ ನೋಡಿಬಿಡೋಣ ಎಂಬುದು ಅವಳ ಇಪ್ಪತ್ತು ವರ್ಷದ ಆಸೆ.

ಫ್ಲಾರೆನ್ಸ್ ಎಂಥ ಊರೆಂದರೆ, ಅಲ್ಲಿ ಮ್ಯೂಸಿಯಂ ಎಲ್ಲಿ ಮುಗಿದು ಅಂಗಡಿ ಎಲ್ಲಿ ಶುರುವಾಗುತ್ತದೆಂದು ತಿಳಿಯುವುದಿಲ್ಲ. ನದಿಯ ಮೇಲಿನ ಹಳೆಯ ಸೇತುವೆಯ ಎರಡೂ ಬದಿಗೆ ಅಕ್ಕಸಾಲಿಗರ ಅಂಗಡಿಗಳು. ಮೊದಲು ಅಲ್ಲಿ ಕಟುಕರಿದ್ದರಂತೆ. ವಾಸನೆ ತಡೆಯಲಾರದೆ ಆಳುವ ದೊರೆ ಅವರನ್ನೆಲ್ಲ ಎಬ್ಬಿಸಿ ಅಕ್ಕಸಾಲಿಗರನ್ನು ಕೂರಿಸಿದನಂತೆ. ಅಲ್ಲೊಬ್ಬ ಮುದುಕ ವಿಜಯಾಳ ಕೊರಳಿನ ಬೋರಮಾಳ ಸರವನ್ನು ಭೂತಗನ್ನಡಿ ಹಿಡಿದು ಅರ್ಧ ಗಂಟೆ ನೋಡಿದ. ಅವನಿಗೆ ಕನ್ನಡ ಬಾರದು, ಇವಳಿಗೆ ಇಟಾಲಿಯನ್ ಬಾರದು, ಆದರೂ ಇಬ್ಬರೂ ನೆಂಟರಂತೆ ಮಾತಾಡಿದರು. ಎರಡೂ ಬಲ್ಲೆನೆಂದುಕೊಂಡಿದ್ದ ನನ್ನನ್ನು ಇಬ್ಬರೂ ಏನೂ ಕೇಳಲಿಲ್ಲ.

ಪ್ರತಿಮೆಯ ಟಿಕೆಟ್ಟು ಇದ್ದದ್ದು ಕೊನೆಯ ದಿನ, ಭಾನುವಾರ ಮಧ್ಯಾಹ್ನಕ್ಕೆ. ದಾರಿಯಲ್ಲಿ ಒಂದು ಚರ್ಮದ ಅಂಗಡಿ. "ಐದೇ ನಿಮಿಷ" ಎಂದು ಒಳಗೆ ಹೋದವನು ನಾನು. ಜಾಕೆಟ್ ತೊಡಿಸುತ್ತಿದ್ದವನು ಪ್ರತಿ ಸಲವೂ ಒಂದು ಹೆಜ್ಜೆ ಹಿಂದೆ ಸರಿದು, ಎದೆಯ ಮೇಲೆ ಕೈಯಿಟ್ಟು, ಸಿನಿಮಾ ನಟನನ್ನು ಕಂಡವನಂತೆ ನಿಟ್ಟುಸಿರು ಬಿಡುತ್ತಿದ್ದ. ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ ನನ್ನನ್ನು ನೋಡಿ ಯಾರೂ ಹಾಗೆ ನಿಟ್ಟುಸಿರು ಬಿಟ್ಟವರಲ್ಲ. ಬಿಟ್ಟಿದ್ದರೂ ಕಾರಣ ಬೇರೆ. ಕಪ್ಪೋ ಕಂದೋ ಎಂದು ತೀರ್ಮಾನಿಸಿ ಹೊರಬರುವಷ್ಟರಲ್ಲಿ ಮ್ಯೂಸಿಯಂ ಬಾಗಿಲು ಹಾಕಿತ್ತು. ಮರುದಿನ ಸೋಮವಾರ, ಮ್ಯೂಸಿಯಂಗೆ ರಜೆ, ನಮಗೆ ವಿಮಾನ. ವಿಜಯಾ ಟಿಕೆಟ್ಟುಗಳನ್ನು ನೀಟಾಗಿ ಮಡಿಸಿ ಪರ್ಸಿನಲ್ಲಿಟ್ಟುಕೊಂಡಳು. ಅದಕ್ಕೇ ನನಗೆ ಹೆದರಿಕೆಯಾದದ್ದು.

ಗ್ಲೆಂಡೇಲಿಗೆ ಬಂದ ಮೇಲೆ ಗೆಳೆಯ ಗುರುನಾಥ ಫೋನ್ ಮಾಡಿದ. ಧಾರವಾಡದವನು, ಸ್ಯಾನ್ ಡಿಯಾಗೋದ ಟೊರ್ರಿ ಪೈನ್ಸಿನ ಲ್ಯಾಬಿನಲ್ಲಿ ಕೆಲಸ, ಮನೆ ಅಲ್ಲೇ ಯೂನಿವರ್ಸಿಟಿ ಸಿಟಿಯಲ್ಲಿ. "ಪ್ರತಿಮೆ ನೋಡಿದ್ಯಾ?" ಎಂದ. "ನೋಡದೆ ಬರ್ತೀವಾ?" ಎಂದುಬಿಟ್ಟೆ. ಹಾಗಾದರೆ ಭಾನುವಾರ ಊಟಕ್ಕೆ ಬಾ, ಟೀವಿಯಲ್ಲಿ ಫೋಟೋ ತೋರಿಸಿ ಎಲ್ಲರಿಗೂ ವಿವರಿಸು ಎಂದ. ನನ್ನ ಕಲಾಪಾಂಡಿತ್ಯದ ಮಾನ ಈಗ ಒಂದು ಫೋಟೋದ ಮೇಲೆ ನಿಂತಿತು.

ದೇವರು ದೊಡ್ಡವನು. ನಮ್ಮ ಗ್ಲೆಂಡೇಲಿನ ದೊಡ್ಡ ಸ್ಮಶಾನದಲ್ಲಿ ಆ ಪ್ರತಿಮೆಯ ಅಷ್ಟೇ ಎತ್ತರದ ನಕಲೊಂದು ನಿಂತಿದೆ. ಭಾನುವಾರ ಬೆಳಿಗ್ಗೆ ಸ್ಯಾನ್ ಡಿಯಾಗೋಗೆ ಹೊರಟವನು ಕಾರನ್ನು ಅತ್ತ ತಿರುಗಿಸಿದೆ. ವಿಜಯಾ ಇಳಿಯಲೊಪ್ಪಲಿಲ್ಲ. ಕ್ಯಾಮೆರಾವನ್ನು ಕಟ್ಟೆಯ ಮೇಲಿಟ್ಟು ಟೈಮರ್ ಒತ್ತಿ, ಕ್ಯಾಲಿಫೋರ್ನಿಯಾದ ಸುಡುಬಿಸಿಲಿನಲ್ಲಿ ಚರ್ಮದ ಜಾಕೆಟ್ ತೊಟ್ಟು, ಇಟಲಿಯ ಚಳಿಯನ್ನು ಮುಖದ ಮೇಲೆ ತಂದುಕೊಂಡು ನಿಂತೆ.

ಗುರುನಾಥನ ಮನೆಯಲ್ಲಿ ಆ ಫೋಟೋ ಟೀವಿಯ ಮೇಲೆ ಬಂದಾಗ ನಾನು ಗಂಟಲು ಸರಿಮಾಡಿಕೊಂಡು, "ನೋಡಿ, ಎಡಭುಜದ ಮೇಲೆ ಕವಣೆ, ಗಂಟಿಕ್ಕಿದ ಹುಬ್ಬು, ಶತ್ರುವಿನತ್ತ ತಿರುಗಿದ ಕತ್ತು. ಈ ನಿಲುವಿನಲ್ಲಿ ಭಾರವೆಲ್ಲ ಒಂದೇ ಕಾಲಿನ ಮೇಲಿದೆ. ಇದು ಮಾನವನ ಘನತೆಯ..." ಎಂದು ಶುರುಮಾಡಿದ್ದೆ. ಗುರುನಾಥನ ಎಂಟು ವರ್ಷದ ಮಗಳು ಮೇಘನಾ ಟೀವಿಗೆ ಮೂಗು ತಾಗಿಸುವಷ್ಟು ಹತ್ತಿರ ಹೋದಳು.

"ಅಂಕಲ್, ದಟ್ಸ್ ಯುವರ್ ಕಾರ್! ಆಂಟಿ ಈಸ್ ಇನ್ ಇಟ್. ಶೀ ಈಸ್ ಈಟಿಂಗ್ ಎ ಬನಾನಾ!"

ಯುವಕನ ಮೊಣಕಾಲಿನ ಪಕ್ಕದಲ್ಲಿ, ದೂರದಲ್ಲಿ, ನಮ್ಮ ಕಾರು. ಕಿಟಕಿಯಲ್ಲಿ ವಿಜಯಾ.

ನಾನು ತಡವರಿಸಿದೆ. "ಅದೇನಾಯ್ತೂಂದ್ರೆ, ವಿಜಯಾಳ ಶಾಪಿಂಗ್ ಮುಗೀಲೇ ಇಲ್ಲ. ಅಷ್ಟರಲ್ಲಿ ಮ್ಯೂಸಿಯಂ ಬಾಗಿಲು ಹಾಕಿದ್ರು. ಅದಕ್ಕೇ ನಮ್ಮನೆ ಹತ್ರದ ಸ್ಮಶಾನದಲ್ಲಿ ಇದರದ್ದೊಂದು ನಕಲಿದೆ, ಅಲ್ಲಿ..."

ವಿಜಯಾ ನನ್ನತ್ತ ತಿರುಗಿಯೂ ನೋಡಲಿಲ್ಲ. ಇಷ್ಟು ಹೊತ್ತು ಹೇಳಿದ್ದು ಸುಳ್ಳು ಮಾತ್ರ. ಈಗ ಹೇಳಿದ್ದು ಅನ್ಯಾಯ ಎಂದು ನನಗೇ ಚುರುಕ್ಕೆಂದಿತು. ಆದರೆ ಗುರುನಾಥನ ತಾಯಿ ಯೋಚಿಸಲು ಬಿಡಬೇಕಲ್ಲ.

"ಸ್ಮಶಾನದಾಗ? ಯಾವಾಗ ಹೋಗಿದ್ದೆಪಾ?"

"ಇವತ್ತು ಬೆಳಿಗ್ಗೆ, ಬರ್ತಾ ದಾರೀಲಿ."

"ಜಳಕಾ?"

ನಾನು ಟೀವಿಯತ್ತ ತಿರುಗಿದೆ.

"ಅಯ್ಯ ನಮ್ಮಪ್ಪಾ! ಸ್ಮಶಾನದಿಂದ ಸೀದಾ ಬಂದು ನಮ್ಮ ಸೋಫಾದ ಮ್ಯಾಲೆ ಕುಂತೀಯಲ್ಲೋ! ಏಳು ಮೊದಲ. ಜಳಕಾ ಆಮ್ಯಾಲೆ ಇಟಲಿ." ವಿಜಯಾಳತ್ತ ತಿರುಗಿದರು. "ನೀನವಾ?"

"ನಾ ಕಾರಿನ್ಯಾಗ ಇದ್ದೆ ಅವ್ವಾರ. ಕಾಲು ಕೆಳಗ ಇಟ್ಟಿಲ್ಲ."

ಮೋಸದ ವಿಚಾರ ಯಾರಿಗೂ ಬೇಕಿರಲಿಲ್ಲ. ಊಟಕ್ಕೆ ಸೇರಿದ್ದ ಹದಿನೈದು ಜನರ ಚಿಂತೆ ಸೋಫಾದ್ದಾಗಿತ್ತು. ಐದು ನಿಮಿಷದಲ್ಲಿ ನಾನು ಬಾತ್‌ರೂಮಿನಲ್ಲಿದ್ದೆ. ತೊಟ್ಟ ಬಟ್ಟೆಯನ್ನೆಲ್ಲ ನೆನೆಹಾಕಬೇಕೆಂದು ಆಜ್ಞೆಯಾಗಿತ್ತು. ಜಳಕವಾದ ಮೇಲೆ ನೋಡಿದರೆ, ಒಳಗಿದ್ದದ್ದು ಕೈ ಒರೆಸುವ ಟವೆಲ್ಲೊಂದೇ. ಅದನ್ನು ಎಡಭುಜದ ಮೇಲೆ ಹಾಕಿಕೊಂಡು ಬಾಗಿಲು ತಟ್ಟಿದೆ.

"ಗುರುನಾಥರ ಲುಂಗಿ ನನ್ನ ಕೈಯಾಗ ಅದ" ಎಂದಳು ವಿಜಯಾ ಹೊರಗಿನಿಂದ. "ಶಾಪಿಂಗ್ ಯಾರ್ದು?"

"ನಂದು" ಎಂದೆ.

"ಜೋರಾಗಿ ಹೇಳ್ರಿ. ಹಾಲಿನ್ಯಾಗ ಕೇಳಸವಲ್ದು."

"ನಂದು! ಜಾಕೆಟ್ ನಂದು! ತಡ ಮಾಡಿದ್ದು ನಾನು! ಅವಳು ಪಾಪ ಬಾಗಿಲಲ್ಲೇ ಟಿಕೆಟ್ ಹಿಡ್ಕೊಂಡು ನಿಂತಿದ್ಲು!"

ಹಾಲಿನಲ್ಲಿ ಚಪ್ಪಾಳೆ ಬಿತ್ತು. ಬಾಗಿಲು ಮಾತ್ರ ತೆರೆಯಲಿಲ್ಲ. ಇಪ್ಪತ್ತು ವರ್ಷದ ಆಸೆಯನ್ನು ಬಾಗಿಲಲ್ಲೇ ನಿಲ್ಲಿಸಿದವನು ಲುಂಗಿಗಾಗಿ ಸ್ವಲ್ಪ ನಿಲ್ಲುವುದು ನ್ಯಾಯವೇ ಅನಿಸಿತು. ತಣ್ಣನೆಯ ನೆಲದ ಮೇಲೆ ಎರಡೂ ಪಾದ ಊರಲಾರದೆ ಭಾರವನ್ನೆಲ್ಲ ಒಂದು ಕಾಲಿನ ಮೇಲೆ ಹಾಕಿ, ಹುಬ್ಬು ಗಂಟಿಕ್ಕಿ, ಕತ್ತು ತಿರುಗಿಸಿ ಬಾಗಿಲನ್ನೇ ನೋಡುತ್ತಾ ನಿಂತೆ. ಪಕ್ಕದ ಕನ್ನಡಿಯ ಮೇಲೆ ಕಣ್ಣು ಬಿತ್ತು. ಹೊಟ್ಟೆಯೊಂದನ್ನು ಬಿಟ್ಟರೆ ಎಲ್ಲ ಆ ಪ್ರತಿಮೆಯೇ. ಆ ಗಳಿಗೆಯಲ್ಲಿ ಯಾರಾದರೂ ನನ್ನನ್ನು ಕೆತ್ತಿದ್ದರೆ, ವೀರನೊಬ್ಬನ ದೃಢಸಂಕಲ್ಪವೆಂದು ಪಂಡಿತರು ದಪ್ಪ ದಪ್ಪ ಪುಸ್ತಕ ಬರೆಯುತ್ತಿದ್ದರು. ನಿಜ ಇಷ್ಟೇ: ತಪ್ಪು ಮಾಡಿದವನು, ಹೆಂಡತಿಯ ಮನಸ್ಸು ಕರಗಲೆಂದು ಕಾಯುತ್ತಿದ್ದಾನೆ.