ಅಮೆರಿಕದಾಕಿಯ ಖಣ

ಕೆಲವು ವರ್ಷ, ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಮಾನ್ವಿಯ ನಮ್ಮ ಓಣಿಯಲ್ಲಿ ಎಲ್ಲರೂ ನಳದ ಮುಂದೆ ಕೊಡ ಹಿಡಿದು ನಿಂತಿರುವಾಗ, ಹುಲಿಗೆಮ್ಮ ಟೀಚರು ತಲೆಗೆ ಎರೆದುಕೊಂಡು, ಇಸ್ತ್ರಿ ಸೀರೆ ಉಟ್ಟು, ಟಿ.ವಿ. ಮುಂದೆ ಮೊರ ಇಟ್ಟುಕೊಂಡು ಕೂತುಬಿಡುತ್ತಿದ್ದರು. ಮೊರದಲ್ಲಿ ಅಕ್ಕಿ, ಐದು ಉತ್ತತ್ತಿ, ಅರಿಶಿನ ಕೊಂಬು, ಒಣಕೊಬ್ಬರಿ ಬಟ್ಟಲು, ಬೆಲ್ಲದ ಚೂರು. ಎಲ್ಲದರ ಮೇಲೆ ಮಡಿಕೆ ಮುರಿಯದ ಕುಬಸದ ಖಣ. ಉಡಿ ತುಂಬುವ ಸಾಮಾನು ಅದು. ತುಂಬಿಸಿಕೊಳ್ಳಬೇಕಾದ ಹೆಣ್ಣುಮಗಳು ಮಾತ್ರ ಅಮೆರಿಕದಲ್ಲಿದ್ದಳು.

ಆಕೆ ಅಲ್ಲಿನ ದೊಡ್ಡ ಸಿನಿಮಾ ನಟಿ. ಹೆಸರು ಬರೆಯುವುದಿಲ್ಲ, ಯಾಕೆಂದರೆ ನಮ್ಮ ಓಣಿಯಲ್ಲಿ ಯಾರೂ ಆಕೆಯನ್ನು ಹೆಸರು ಹಿಡಿದು ಕರೆದಿಲ್ಲ. ಎಲ್ಲರ ಬಾಯಲ್ಲೂ 'ನಮ್ಮಾಕಿ'. ಟೀಚರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಆಗ ಬಿ.ಎ. ಓದುತ್ತಿದ್ದೆ ಎಂಬ ಒಂದೇ ತಪ್ಪಿಗೆ, ಟಿ.ವಿ.ಯ ಇಂಗ್ಲಿಷನ್ನು ಓಣಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಕುತ್ತಿಗೆಗೆ ಬಿದ್ದಿತ್ತು. ಕಾಲುಭಾಗ ತಿಳಿಯುತ್ತಿತ್ತು, ಮುಕ್ಕಾಲು ನಾನೇ ಹುಟ್ಟಿಸಿ ಹೇಳುತ್ತಿದ್ದೆ. ಟೀಚರಿಗೆ ಅದು ಗೊತ್ತಿತ್ತು. "ರೇಣಿ, ಆಕಿ ಎರಡ ಮಾತಾಡಿದ್ಳು, ನೀ ಹತ್ತು ಹೇಳಿದಿ. ಉಳದ ಎಂಟು ಯಾರವು ಬೇ?" ಎನ್ನುತ್ತಿದ್ದರು.

ಈ ನಂಟು ಶುರುವಾದದ್ದು ರಾಯಚೂರಿನಲ್ಲಿ. ಶಿಕ್ಷಕರಿಗೆ ಇಂಗ್ಲಿಷ್ ತರಬೇತಿ ನಡೆದಾಗ, ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ತೂಕಡಿಸುವುದನ್ನು ತಡೆಯಲಾರದೆ, ಹೇಳಿಕೊಡುವವರು ಪರದೆ ಮೇಲೆ ಒಂದು ಇಂಗ್ಲಿಷ್ ಸಿನಿಮಾ ಹಾಕಿದರಂತೆ. ಅದರಲ್ಲಿ ಈ ನಟಿ ಹೋಟೆಲಿನಲ್ಲಿ ಮುಸುರೆ ತಿಕ್ಕುವವಳು. ಟೀಚರಿಗೆ ಒಂದು ಮಾತೂ ತಿಳಿಯಲಿಲ್ಲ. ಆದರೆ ಆಕೆ ತಾಟು ತಿಕ್ಕಿ, ಮುಂಗೈಯಿಂದ ಹಣೆಯ ಕೂದಲು ಸರಿಸಿ, ಒದ್ದೆ ಕೈಯನ್ನು ಟೊಂಕಕ್ಕೆ ಒರೆಸಿಕೊಂಡದ್ದನ್ನು ನೋಡಿ ಎದ್ದು ಕೂತರಂತೆ. "ನಮ್ಮವ್ವ ಹಿಂಗ ಒರಸ್ಕೊಂತಿದ್ಳು ಬೇ. ಅದನ್ನ ಯಾರೂ ಕಲಸಾಕ ಆಗಂಗಿಲ್ಲ. ಇಕಿ ಮನ್ಯಾಗ ಮುಸುರಿ ತಿಕ್ಕ್ಯಾಳ, ಬರದು ಕೊಡ್ತೀನಿ." ಟೀಚರ ಅವ್ವ ದುರುಗಮ್ಮ ಬಾಗಲವಾಡದಾಕೆ. ಜೀವನವಿಡೀ ಬೇರೆಯವರ ಗದ್ದೆಗಳಲ್ಲಿ ಭತ್ತದ ಸಸಿ ಹಚ್ಚಿ, ಊರ ಗೌಡರ ಮನೆಯ ಪಾತ್ರೆ ತಿಕ್ಕಿ ಮಗಳನ್ನು ಓದಿಸಿದವಳು. ಮಗಳು ಟೀಚರಾದದ್ದನ್ನು ನೋಡುವಷ್ಟು ದಿನ ಉಳಿಯಲಿಲ್ಲ.

ಆವತ್ತಿನಿಂದ ಟೀಚರು ಆ ನಟಿಯ ಇಡೀ ಕಸುಬಿನ ಜಾತಕ ಕೂಡಿಸಿದರು. ಹೊಸ ಸಿನಿಮಾ ಬಂತೆಂದರೆ ನನ್ನ ಮೊಬೈಲು ಅವರ ಕೈಗೆ. ಶುರುವಿನಲ್ಲಿ ಆಕೆಗೆ ಸಿಕ್ಕಿದ್ದು ಸಾಯುವ ಪಾರ್ಟುಗಳಂತೆ: ಬಾಗಿಲು ತೆರೆಯುವುದು, ಗುಂಡು ತಿನ್ನುವುದು, ಬೀಳುವುದು. ಆಮೇಲೆ ಅಳುವ ಪಾರ್ಟು. ಆಮೇಲೆ ಇಡೀ ಸಿನಿಮಾ ಹೆಗಲ ಮೇಲೆ ಹೊರುವ ಪಾರ್ಟು. ನಲವತ್ತು ದಾಟಿದ ಮೇಲೆ ಅಲ್ಲಿಯ ಮಂದಿ ಆಕೆಯನ್ನು ಬರೀ ಅವ್ವನ ಪಾರ್ಟಿಗೆ ಕರೆಯತೊಡಗಿದಾಗ ಟೀಚರು ಎರಡು ದಿನ ಸಿಟ್ಟಿನಲ್ಲಿದ್ದರು. ಮುಂದೆ ಆಕೆ ನ್ಯಾಯಾಧೀಶೆಯಾಗಿ ಮಾಡಿದ್ದು ನೋಡಿ, "ನೋಡು, ಬಡ್ತಿ ಸಿಕ್ತು" ಎಂದು ಓಣಿಗೆಲ್ಲ ಮಂಡಾಳ ಒಗ್ಗರಣೆ ಹಂಚಿದರು. ಗೋಡೆಯ ಮೇಲೆ ಬುದ್ಧನ ಕ್ಯಾಲೆಂಡರು, ಪಕ್ಕದಲ್ಲಿ ಪೇಪರಿನಿಂದ ಕತ್ತರಿಸಿದ ನಮ್ಮಾಕಿಯ ಫೋಟೊ. ಜನಗಣತಿಗೆ ಬಂದ ಮಾಸ್ತರೊಬ್ಬರು ಅದನ್ನು ನೋಡಿ, "ಈಕಿ ಮನ್ಯಾಗ ಇರ್ತಾಳೇನ್ರಿ, ಹೆಸರು ಸೇರಸ್ಲೇನು?" ಎಂದು ಕೇಳಿದ್ದುಂಟು.

ಇಷ್ಟೆಲ್ಲ ಆದರೂ ಮಾರ್ಚಿನಲ್ಲಿ ಟಿ.ವಿ.ಯಲ್ಲಿ ತೋರಿಸುವ ಅಲ್ಲಿನ ದೊಡ್ಡ ಪ್ರಶಸ್ತಿ ಮಾತ್ರ ಆಕೆಗೆ ಸಿಗಲೊಲ್ಲದು. ಪಟ್ಟಿಯಲ್ಲಿ ಹೆಸರು ಬರುತ್ತಿತ್ತು, ಗೆಲ್ಲುತ್ತಿದ್ದವಳು ಇನ್ನೊಬ್ಬಳು. ಅದಕ್ಕೇ ಈ ಉಡಿ. ಗೆದ್ದರೆ ಖಣವನ್ನು ಅಂಚೆಯಲ್ಲಿ ಅಮೆರಿಕಕ್ಕೆ ಕಳಿಸಬೇಕೆಂಬುದು ಟೀಚರ ಸಂಕಲ್ಪ. ನಮ್ಮೂರ ಅಂಚೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ ಬಂದಿದ್ದರು. "ಅಕ್ಕಿ, ಬೆಲ್ಲ ಹೋಗಂಗಿಲ್ರಿ ಟೀಚರ್. ಅರಿವಿ ಹೋಗ್ತದ" ಎಂದು ಅಲ್ಲಿಯ ಗುಮಾಸ್ತರು ಹೇಳಿದ್ದರು. ಇನ್ನು ಸೋತರೆ? ಒಬ್ಬರ ಹೆಸರಲ್ಲಿ ತೆಗೆದಿಟ್ಟ ಉಡಿ ಸಾಮಾನು ಮನೆಯಲ್ಲಿ ಉಳಿಯಬಾರದಲ್ಲ. ಅದಕ್ಕೆ ಓಣಿಯ ಹೆಂಗಸರಿಗೆ ಪಾಳಿ ಪ್ರಕಾರ ಒಬ್ಬೊಬ್ಬರಿಗೆ ಉಡಿ ತುಂಬುವುದು. "ಗೆದ್ದಾಕಿಗೆ ಊರೆಲ್ಲ ಕೊಡ್ತದ. ಸೋತಾಗನ ಉಡಿ ತುಂಬಬೇಕು" ಎಂಬುದು ಟೀಚರ ಕಾಯಿದೆ.

ಈ ಕಾಯಿದೆ ನಮ್ಮ ಓಣಿಯನ್ನು ಕೆಡಿಸಿತು. ಖಣವೆಂದರೆ ಸಾಮಾನ್ಯದ್ದಲ್ಲ, ರಾಯಚೂರಿನ ಬಜಾರಿನಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿದು ಆರಿಸಿದ್ದು. ಯಾರ ಪಾಳಿಯೋ ಅವಳು ಒಳಗೊಳಗೇ ನಮ್ಮಾಕಿ ಸೋಲಲೆಂದು ಬೇಡಿಕೊಳ್ಳುತ್ತ, ಮೇಲೆ ಮಾತ್ರ "ಈ ಸಲ ಗೆಲ್ತಾಳ ಬಿಡ್ರಿ" ಎನ್ನುತ್ತಿದ್ದಳು. ಬಟ್ಟೆ ಹೊಲಿಯುವ ಖಾಜಾಬಿ ಒಬ್ಬಳೇ ಪ್ರಾಮಾಣಿಕಳು. ಖಣ ಕೈಗೆ ಬಿದ್ದ ಮೇಲೆ ಗಲ್ಲ ಗಲ್ಲ ಬಡಿದುಕೊಂಡು, "ತೌಬಾ! ಸೋಲ್ಲಿ ಅಂತ ನಾನ ದುವಾ ಮಾಡಿದ್ನಿ ಟೀಚರ್. ಮಾಫ್ ಮಾಡ್ರಿ. ಬಣ್ಣ ಭಾಳ ಚಂದ ಇತ್ತು" ಎಂದಳು. ಟೀಚರು ನಕ್ಕು ನಕ್ಕು ಕೆಮ್ಮಿದರು.

ಅಡ್ಡ ಮಾತು ಬಂದದ್ದು ಎದುರು ಮನೆಯ ಅಮರಮ್ಮನಿಂದ. ಓಣಿಗೇ ಹಿರಿಯಳು, ನೇಮ ನಿಷ್ಠೆಯಲ್ಲಿ ಕಟ್ಟುನಿಟ್ಟು. "ಅಲ್ಲಬೇ ಹುಲಿಗೆವ್ವಾ, ಮೂರು ಗಂಡಂದಿರನ್ನ ಬಿಟ್ಟಾಕಿಗೆ ಉಡಿ ತುಂಬ್ತೀನಂತಿಯಲ್ಲ, ಉಡಿ ಅಂದ್ರ ಮುತ್ತೈದಿಗೆ ತುಂಬೋದು" ಎಂದಳು. ಟೀಚರು ಥಟ್ಟನೆ, "ಯವ್ವಾ, ಒಬ್ಬ ಗಂಡ ಇದ್ರ ಒಂದು ಪಟ್ಟು ಮುತ್ತೈದಿ. ಮೂರು ಮಂದಿ ಇನ್ನೂ ಗಟ್ಟಿಮುಟ್ಟ ಅದಾರ ಅಂದ್ರ ಆಕಿ ಮೂರು ಪಟ್ಟು ಅಲ್ಲೇನು?" ಎಂದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅಮರಮ್ಮ ನಗಲಿಲ್ಲ. "ಹಂಗಾದ್ರ ನಿನಗೂ ತುಂಬ್ಸಿಗೊ" ಎಂದು ಎದ್ದು ಹೋದಳು. ಟೀಚರ ಗಂಡ ಮದುವೆಯಾದ ಮೂರನೆಯ ವರ್ಷಕ್ಕೇ ತೀರಿಕೊಂಡಿದ್ದ. ಪಾಳಿಯ ಚೀಟಿಯಲ್ಲಿ ಓಣಿಯ ಎಲ್ಲರ ಹೆಸರಿತ್ತು, ಅವರ ಹೆಸರು ಮಾತ್ರ ಇರಲಿಲ್ಲ. ಅಮರಮ್ಮ ಆಡಿದ ಆ ಮಾತು ನನಗೆ ಬಹಳ ದಿನ ಚುಚ್ಚಿತು.

ಆ ಪ್ರಶಸ್ತಿ ಕಾರ್ಯಕ್ರಮದಲ್ಲಿ ಟೀಚರು ಕಾಯುತ್ತಿದ್ದದ್ದು ಒಂದು ಗಳಿಗೆಗಾಗಿ. ಪಟ್ಟಿಯಲ್ಲಿರುವ ಐವರ ಮುಖವನ್ನೂ ಒಟ್ಟಿಗೇ ತೋರಿಸಿ, ಹೆಸರು ಕೂಗುತ್ತಾರೆ. ಒಬ್ಬಳು ಏಳುತ್ತಾಳೆ, ನಾಲ್ವರು ಕೂತಲ್ಲೇ ಚಪ್ಪಾಳೆ ಹೊಡೆಯಬೇಕು. ನಮ್ಮಾಕಿ ಎದೆಯ ಮೇಲೆ ಒಮ್ಮೆ ಕೈ ಇಟ್ಟು, ತಲೆ ಸ್ವಲ್ಪ ವಾಲಿಸಿ, ಹಲ್ಲು ಕಾಣುವಂತೆ ನಕ್ಕು, ಎಲ್ಲರಿಗಿಂತ ಮೊದಲು ಚಪ್ಪಾಳೆ ಶುರು ಮಾಡುತ್ತಿದ್ದಳು. "ಸಿನಿಮಾದಾಗಿಂದು ಬಿಡು. ಖರೇ ಆ್ಯಕ್ಟಿಂಗ್ ಇದು. ಇದಕ್ಕ ಪ್ರಶಸ್ತಿ ಕೊಡಬೇಕು ನೋಡು" ಎನ್ನುತ್ತಿದ್ದರು ಟೀಚರು.

ಅಲ್ಲಿಗೇ ಬಿಟ್ಟಿದ್ದರೆ ಅವರು ಹುಲಿಗೆಮ್ಮ ಟೀಚರಾಗುತ್ತಿರಲಿಲ್ಲ. ಅವರ ಶಾಲೆ ಇದ್ದದ್ದು ದೇವದುರ್ಗದಲ್ಲಿ. ದಿನಾ ಸಿರವಾರದ ಮೇಲೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಓಟದಲ್ಲಿ ಸೋತ ಹುಡುಗನೊಬ್ಬ ಗೆದ್ದವನ ಕಣ್ಣಿಗೆ ಮಣ್ಣು ಎರಚಿದ ದಿನದಿಂದ, ಶನಿವಾರದ ಕೊನೆಯ ಅರ್ಧ ಗಂಟೆ 'ಸೋಲುವ ಪಿರಿಯಡ್ಡು' ಶುರುವಾಯಿತು. ಮೊಬೈಲಿನಲ್ಲಿ ನಮ್ಮಾಕಿಯ ಚಪ್ಪಾಳೆ ತೋರಿಸುವುದು, ಮಕ್ಕಳು ಪಾಳಿಯಲ್ಲಿ ಸೋಲುವುದು, ಎದೆಗೆ ಕೈ, ನಗು, ಚಪ್ಪಾಳೆ. ಮುಖ್ಯೋಪಾಧ್ಯಾಯರು ತಲೆ ಚಚ್ಚಿಕೊಂಡು, "ಟೀಚರ್, ಮಕ್ಕಳಿಗೆ ಗೆಲ್ಲೋದು ಕಲಸ್ರಿ" ಎಂದರೆ, "ಸರ್, ಗೆಲ್ಲಾವ ಒಬ್ಬ ಇರ್ತಾನ. ಉಳದ ಮೂವತ್ತೊಂಬತ್ತು ಮಂದಿಗೆ ನಾ ಏನು ಕಲಸ್ಲಿ?" ಎಂದರು. ಆ ವರ್ಷ ಕಬಡ್ಡಿಯಲ್ಲಿ ಹುಡುಗರು ಆಟ ಮುಗಿಯುವ ಮೊದಲೇ ಎದುರಾಳಿಗಳಿಗೆ ಚಪ್ಪಾಳೆ ಹೊಡೆಯುತ್ತ ನಿಂತು ಮೊದಲ ಸುತ್ತಿನಲ್ಲೇ ಮನೆಗೆ ಬಂದರು.

ನಿವೃತ್ತಿಗೆ ಒಂದು ವರ್ಷ ಇರುವಾಗ, ರಾಯಚೂರಿನ ಒಂದು ಸಂಘದವರು ಕೊಡುವ ಉತ್ತಮ ಶಿಕ್ಷಕಿ ಪ್ರಶಸ್ತಿಯ ಪಟ್ಟಿಯಲ್ಲಿ ಟೀಚರ ಹೆಸರು ಬಂತು. ಮೂವರ ಪಟ್ಟಿ. ಮೂವರೂ ಬರಬೇಕು, ವೇದಿಕೆಯ ಮೇಲೇ ಒಬ್ಬರ ಹೆಸರು ಕೂಗುವುದು. ಟೀಚರು ಹೊರಗೆ "ನನಗೇನು ಬಿಡವ್ವಾ" ಎಂದರು. ಆದರೆ ಅರ್ಜಿ ತುಂಬುವಾಗ ನಾನು ಪಕ್ಕದಲ್ಲಿದ್ದೆ. ತಾಯಿಯ ಹೆಸರು ಎಂಬಲ್ಲಿ 'ದುರುಗಮ್ಮ, ಬಾಗಲವಾಡ' ಎಂದು ಬರೆದು, ಶಾಯಿ ಆರುವವರೆಗೂ ಊದಿದರು. "ಗೆದ್ದಾರದು ಪರಿಚಯ ಓದ್ತಾರಂತ ರೇಣಿ. ನಮ್ಮವ್ವನ ಹೆಸರು ಒಮ್ಮೆ ಮೈಕಿನ್ಯಾಗ ಕೇಳಬೇಕು ಅಂತ ನನಗ ಭಾಳ ಆಸಿ ಅದ. ಆಕಿನ್ನ ಜೀವಮಾನದಾಗ ಯಾರೂ ಹೆಸರು ಹಿಡದು ಕರದಿಲ್ಲ. ಬರೇ 'ಏ, ಬಾ ಇಲ್ಲಿ'." ಅವರು ಏನನ್ನಾದರೂ ಬೇಕೆಂದು ಬಾಯಿಬಿಟ್ಟು ಕೇಳಿದ್ದು ನಾನು ಕಂಡಂತೆ ಅದೇ ಮೊದಲ ಸಲ.

ಓಣಿಯೆಲ್ಲ ಹೊರಟಿತು. ಖಾಜಾಬಿಯ ಗಂಡನ ಉಳ್ಳಾಗಡ್ಡಿ ಮಾರುವ ಟೆಂಪೊ ಗಾಡಿಯಲ್ಲಿ ಜಮಖಾನೆ ಹಾಸಿ, ಈರುಳ್ಳಿ ಸಿಪ್ಪೆಯ ನಡುವೆ ಕೂತು, ರಾಯಚೂರು ಮುಟ್ಟಿದೆವು. ವೇದಿಕೆಯ ಮೇಲೆ ಮೂವರು. ಟೀಚರು ಸೆರಗು ಎರಡು ಸಲ ಸರಿಮಾಡಿಕೊಂಡರು. ಹೆಸರು ಕೂಗಿದರು. ಬೇರೆಯವರದು.

ನನಗೆ ನೋಡಲಾಗಲಿಲ್ಲ, ಆದರೂ ನೋಡಿದೆ. ಟೀಚರು ಎದೆಯ ಮೇಲೆ ಕೈ ಇಟ್ಟರು, ತಲೆ ವಾಲಿಸಿದರು, ನಕ್ಕರು, ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದರು. ಎಷ್ಟು ಜೋರಾಗಿ ಹೊಡೆದರೆಂದರೆ, ಹಾರ ಹಿಡಿದು ಬಂದವರು ಗೆದ್ದವರು ಇವರೇ ಎಂದುಕೊಂಡು ಇವರ ಕೊರಳಿಗೇ ಹಾಕಿಬಿಟ್ಟರು. ಟೀಚರು ಅದನ್ನು ತೆಗೆದು ಪಕ್ಕದವರಿಗೆ ತಾವೇ ಹಾಕಿದರು. ಸಭೆ ನಕ್ಕಿತು. ಮೈಕಿನಲ್ಲಿ ಬೇರೆ ಯಾರದೋ ತಾಯಿಯ ಹೆಸರು ಬಂತು.

ಹೊರಗೆ ಬಂದು ಗಾಡಿ ಹತ್ತಿದೆವು. ಅಷ್ಟರಲ್ಲಿ ಅಮರಮ್ಮ ತನ್ನ ಚೀಲದಿಂದ ಒಂದು ಗಂಟು ತೆಗೆದಳು. ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಹಸಿರು ಖಣ.

"ಸೆರಗು ಒಡ್ಡು" ಎಂದಳು.

"ಯವ್ವಾ, ನನಗ ತುಂಬಂಗಿಲ್ಲ. ಉಡಿ ಅಂದ್ರ ಮುತ್ತೈದಿಗೆ ಅಂತ ನೀನ ಅಂದಿದ್ದಿ."

"ಅಂದಿದ್ನಿ. ಸೋತಾಗನ ತುಂಬಬೇಕು ಅಂತ ನೀ ಅಂದಿದ್ದಿ. ಈಗ ನಿನ್ನ ಕಾಯಿದಿ ನಡೀಲಿ. ಒಡ್ಡಬೇ ಸುಮ್ಮ, ಮಂದಿ ನೋಡಾಕತ್ತಾರ."

ಟೀಚರು ಸೆರಗು ಒಡ್ಡಿದರು. ಚಪ್ಪಾಳೆ ಹೊಡೆಯುವಾಗ ಕಾಪಾಡಿಕೊಂಡದ್ದೆಲ್ಲ ಅಲ್ಲಿ ಹರಿದು ಹೋಯಿತು. ಖಾಜಾಬಿಯೂ ಅತ್ತಳು, ನಾನೂ ಅತ್ತೆ. ಅಮರಮ್ಮ ಮಾತ್ರ, "ಉಳ್ಳಾಗಡ್ಡಿ ವಾಸನಿ ಕಣ್ಣಿಗೆ ಹತ್ತಿತು" ಎಂದು ಮುಖ ತಿರುಗಿಸಿದಳು.

ಗಾಡಿ ಮಾನ್ವಿ ಹೊಕ್ಕಾಗ ನನಗೆ ಏನು ತೋಚಿತೋ, ಮುಂದೆ ನೇತುಹಾಕಿದ್ದ ಉಳ್ಳಾಗಡ್ಡಿಯ ಮೈಕು ಕೈಗೆತ್ತಿಕೊಂಡು ಕೂಗಿಬಿಟ್ಟೆ: "ಬಾಗಲವಾಡದ ದುರುಗಮ್ಮನ ಮಗಳು ಹುಲಿಗೆಮ್ಮ ಟೀಚರು ಬಂದಾರ!" ಗುಂಡಿ ಯಾವುದು ಒತ್ತಿದೆನೋ, ನಡುನಡುವೆ ರೆಕಾರ್ಡು ಮಾಡಿದ ದನಿ "ತಾಜಾ ಉಳ್ಳಾಗಡ್ಡಿ, ಗಟ್ಟಿ ಉಳ್ಳಾಗಡ್ಡಿ" ಎಂದು ಸೇರಿಕೊಳ್ಳುತ್ತಿತ್ತು. ಮಂದಿ ಬುಟ್ಟಿ ಹಿಡಿದು ಹೊರಗೆ ಬಂದರು. ಟೀಚರು "ಬಂದ್ ಮಾಡಬೇ, ಹುಚ್ಚಿ!" ಎಂದು ನನ್ನ ಬೆನ್ನಿಗೆ ಗುದ್ದಿದರು. ನಾನು ನಿಲ್ಲಿಸಿದೆ. ಟೀಚರು ಉಡಿ ಗಟ್ಟಿ ಹಿಡಿದು ಮೆಲ್ಲಗೆ, "ಬಸ್ ಸ್ಟ್ಯಾಂಡಿನ ಕಡಿಂದ ಒಂದು ಸುತ್ತು ಹೋಗ್ತದೇನು ಗಾಡಿ?" ಎಂದರು.

ಹೋದ ದೀಪಾವಳಿಯ ಹೊತ್ತಿಗೆ ಟೀಚರು ಹೃದಯದ ತೊಂದರೆಯಿಂದ ತೀರಿಕೊಂಡರು. ಕೊನೆಯ ಸಲ ಆಸ್ಪತ್ರೆಯಲ್ಲಿ ನೋಡಿದಾಗ, ಮುಂದಿನ ಪಾಳಿ ಯಾರದು ಎಂದು ಕೇಳಿದರು. ನನ್ನದು ಎಂದೆ. "ಹಂಗಾದ್ರ ಸೋಲ್ಲಿ ಅಂತ ಬೇಡ್ಕೊಬ್ಯಾಡ ನೋಡು ಮತ್ತ. ಖಣ ಕಪಾಟಿನ್ಯಾಗ ಅದ" ಎಂದರು.

ಈ ಮಾರ್ಚಿನಲ್ಲಿ ಮೊರ ನಮ್ಮ ಮನೆಯ ಟಿ.ವಿ. ಮುಂದೆ ಬಂತು. ಐವರ ಮುಖ ತೋರಿಸಿದರು. ನಾವೆಲ್ಲ ರೂಢಿಯಂತೆ ಚಪ್ಪಾಳೆಗೆ ಕೈ ಎತ್ತಿದ್ದೆವು. ನಮ್ಮಾಕಿಯೂ ಎತ್ತಿದ್ದಳು. ಆಕೆಯ ಹೆಸರೇ ಕೂಗಿದರು. ಗೆದ್ದರೆ ಎತ್ತಿದ ಕೈಯನ್ನು ಏನು ಮಾಡಬೇಕೆಂಬುದು ಆಕೆಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಆಕೆ ಅಳುತ್ತ ಅದೆಷ್ಟು ವೇಗವಾಗಿ ಮಾತಾಡಿದಳೆಂದರೆ ನನಗೆ ಒಂದಕ್ಷರ ತಿಳಿಯಲಿಲ್ಲ. ಅಮರಮ್ಮ "ಏನಂದ್ಳು?" ಎಂದು ಕೇಳಿದಳು. ಮೊದಲ ಸಲ ನಾನು ಏನನ್ನೂ ಹುಟ್ಟಿಸಿ ಹೇಳಲಿಲ್ಲ.

ಹತ್ತು ಗಂಟೆಗೆ ಖಣ ತೆಗೆದುಕೊಂಡು ಅಂಚೆ ಕಚೇರಿಗೆ ಹೋದೆ. ಅದೇ ಗುಮಾಸ್ತರು. ವಿಳಾಸ ನೋಡಿ ಕನ್ನಡಕ ಮೇಲೆ ಸರಿಸಿದರು. ಬರೀ ಆಕೆಯ ಹೆಸರು, ಊರು, ದೇಶ.

"ಇಷ್ಟಕ್ಕ ಮುಟ್ಟೋದು ಕಷ್ಟ ಅದವ್ವಾ. ವಾಪಸ್ ಬರಬಹುದು."

"ಬರ್ಲಿ ಬಿಡ್ರಿ. ಹೆಂಗೂ ಈ ಪಾಳಿ ನಂದದ."

ಅವರಿಗೆ ಅದು ತಿಳಿಯಲಿಲ್ಲ. ಫಾರ್ಮು ನನ್ನ ಕಡೆ ತಿರುಗಿಸಿ, "ಕಳಸೋರ ಹೆಸರು ದೊಡ್ಡದಾಗಿ ಬರೀರಿ. ಅಲ್ಲಿಯವರು ಅದನ್ನೂ ಓದ್ತಾರ" ಎಂದರು.

ಪೆನ್ನು ತಗೊಂಡು, ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಬರೆದೆ: ಬಾಗಲವಾಡದ ದುರುಗಮ್ಮನ ಮಗಳು ಹುಲಿಗೆಮ್ಮ, ಮಾನ್ವಿ. ಬರೆದು, ಆರುವವರೆಗೂ ಊದಿದೆ.